ಹಾಯಿದೋಣಿಗೆ ಖಡಕ್ ರೊಟ್ಟಿ

ಕುಬಿಹಾಳದಲ್ಲಿ ಕೂತು ವಾರವಾರ ಹಾಯಿದೋಣಿಯ ಬಗ್ಗೆ ಬರೆಯುವವನಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಮೊನ್ನೆ ಕುಂದಗೋಳದ ಚಹಾದಂಗಡಿಯಲ್ಲೂ ಬಂತು. ‘ಕಾಕಾ, ನಮ್ಮ ಕೆರ್ಯಾಗ ಎಮ್ಮಿ ಮೈ ತೋಯಿಸಾಕ ನೀರಿಲ್ಲ. ನಿಮಗ ಈ ಹಡಗದ ಹುಚ್ಚು ಎಲ್ಲಿಂದ ಹತ್ತಿತು?’ ಕೇಳಿದವನು ನನ್ನ ಶಾಲೆಯ ಗೆಳೆಯನ ಮಗ. ಚಹಾ ಮುಗಿಯುವ ತನಕ ಉತ್ತರ ಹೊಳೆಯಲಿಲ್ಲ. ಎರಿ ಹೊಲಗಳ ನಡುವೆ ಗಾಡಿ ಹೊಡೆದುಕೊಂಡು ಊರಿಗೆ ಮರಳುವಾಗ ಹೊಳೆಯಿತು. ಕಣದಿಂದ ಹತ್ತಿದ್ದು.

ರಾಶಿ ಮಷೀನು ಬರುವ ಮುಂಚಿನ ಮಾತು. ಜೋಳ ಒಕ್ಕಿದ ಮೇಲೆ ನಮ್ಮಪ್ಪ ಮೂರು ಕಾಲಿನ ಎತ್ತರದ ಮಣೆ ಹತ್ತಿ ನಿಲ್ಲುತ್ತಿದ್ದ. ಕೆಳಗಿನಿಂದ ಬುಟ್ಟಿ ತುಂಬಿ ಕೊಡುವುದು ನನ್ನ ಕೆಲಸ. ಬುಟ್ಟಿ ಎತ್ತಿ ಹಿಡಿದವನು ಸುರಿಯದೆ ಹಾಗೇ ನಿಂತಿರುತ್ತಿದ್ದ. ಐದು ನಿಮಿಷ, ಹತ್ತು ನಿಮಿಷ, ಒಮ್ಮೊಮ್ಮೆ ಅರ್ಧ ತಾಸು. ಗಾಳಿ ಬಂದಾಗ ತೂರಿಕೋ ಎಂದು ಇಡೀ ಕರ್ನಾಟಕ ಗಾದೆ ಹೇಳುತ್ತದೆ. ಗಾಳಿ ಬಾರದಾಗ ಏನು ಮಾಡಬೇಕು ಎಂಬುದನ್ನು ಗಾದೆ ಹೇಳುವುದಿಲ್ಲ, ಅಪ್ಪ ನಿಂತು ತೋರಿಸುತ್ತಿದ್ದ. ಮುಖವನ್ನು ಅತ್ತಿತ್ತ ಮೆಲ್ಲಗೆ ತಿರುಗಿಸುತ್ತಿದ್ದ. ಒಂದು ಕಿವಿಯ ಹಿಂದೆ ತಂಪು ಹತ್ತಿದರೆ ಗಾಳಿ ಯಾವ ದಿಕ್ಕಿಗೆ ವಾಲಿದೆ ಎಂದು ಅವನಿಗೆ ಗೊತ್ತಾಗುತ್ತಿತ್ತು. ಮೂವತ್ತು ವರ್ಷದ ನಂತರ ಕಾರವಾರದ ಕೊಲ್ಲಿಯಲ್ಲಿ ಒಬ್ಬ ಮುದಿ ತಂಡೇಲ ಚುಕ್ಕಾಣಿ ಹಿಡಿದು ಅದೇ ರೀತಿ ಮುಖ ತಿರುಗಿಸುವುದನ್ನು ಕಂಡಾಗ, ಸುಳ್ಳಲ್ಲ, ನನಗೆ ಬುಟ್ಟಿ ಎತ್ತಿ ಕೊಡಬೇಕೆನಿಸಿತು.

ನಮಗೂ ಕಡಲಿಗೂ ನಂಟಿಲ್ಲ ಅನ್ನುವವರು ಹತ್ತಿಯ ಕತೆ ಕೇಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟೆಗೆ ಹೋಗುತ್ತಿತ್ತು. ಅಲ್ಲಿ ಪತ್ತೆಮಾರಿ ಎಂಬ ಹಾಯಿಹಡಗು ಹತ್ತಿ ಮುಂಬಯಿಗೆ, ಮುಂಬಯಿಯಿಂದ ಲಿವರ್‌ಪೂಲಿಗೆ. ಬೆಳೆದದ್ದು ನಮ್ಮ ಕರಿ ಮಣ್ಣಿನಲ್ಲಾದರೂ ಮಾರುಕಟ್ಟೆಯಲ್ಲಿ ಅದಕ್ಕೆ ಬಿದ್ದ ಹೆಸರು ಹಡಗು ಹತ್ತಿದ ಊರಿನದು, ಕುಮಟಾ ಹತ್ತಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಕಣ್ಣು ಇತ್ತ ತಿರುಗಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ದಾರಿ ಇತ್ತು. ನಮ್ಮವರೂ ಸಾಧುಗಳಾಗಿರಲಿಲ್ಲ. ಬೀಜ, ಕಸ, ಮಣ್ಣು ಬೆರೆಸಿ ತೂಕ ಏರಿಸುವುದು ಎಷ್ಟು ಬೆಳೆಯಿತೆಂದರೆ 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸ ತಡೆಯಲೆಂದೇ ಒಂದು ಕಾಯ್ದೆ ತಂದಿತು. 1880ರ ದಶಕದಲ್ಲಿ ರೈಲು ಹುಬ್ಬಳ್ಳಿಗೆ ಬಂತು, ಮರ್ಮಗೋವೆಗೆ ದಾರಿ ತೆರೆಯಿತು, ಕುಮಟೆಯ ಪತ್ತೆಮಾರಿಗಳು ಖಾಲಿಯಾದವು. ಆಮೇಲೆ ನಾವು ಕಡಲನ್ನು ಮರೆತೆವು. ಈಗ ಡಿಸೆಂಬರ್ ರಜೆಯಲ್ಲಿ ಗೋಕರ್ಣಕ್ಕೆ ಹೋಗಿ, ಪ್ಯಾಂಟು ಮಡಚಿ, ಮೊಣಕಾಲ ತನಕ ಇಳಿದು, ಫೋಟೊ ತೆಗೆಸಿಕೊಂಡು ಬರುತ್ತೇವೆ.

ಹಾಯಿದೋಣಿ ಬಾಡಿಗೆಗೆ ಹಿಡಿದು ದ್ವೀಪದಿಂದ ದ್ವೀಪಕ್ಕೆ ಅಡ್ಡಾಡುವ ರಜೆ ಹೊರದೇಶಗಳಲ್ಲಿ ದೊಡ್ಡ ವ್ಯಾಪಾರ. ಅದರ ತವರು ಎಂದರೆ ಕೆರಿಬಿಯನ್ ಕಡಲಿನ ಬ್ರಿಟಿಷ್ ವರ್ಜಿನ್ ದ್ವೀಪಗಳು. 1969ರಲ್ಲಿ ಚಾರ್ಲಿ ಮತ್ತು ಜಿನ್ನಿ ಕೇರಿ ಎಂಬ ದಂಪತಿ ಅಲ್ಲಿನ ಟೊರ್ಟೋಲಾದಲ್ಲಿ ‘ದಿ ಮೂರಿಂಗ್ಸ್’ ಎಂಬ ಸಂಸ್ಥೆ ಹುಟ್ಟುಹಾಕಿದರು. ಈ ಬಾಡಿಗೆಯಲ್ಲಿ ಎರಡು ಬಗೆ. ದೋಣಿ ನಡೆಸಲು ಬಲ್ಲವರಿಗೆ ಬರಿ ದೋಣಿ ಕೊಡುತ್ತಾರೆ. ಬಾರದವರಿಗೆ ದೋಣಿಯ ಜೊತೆಗೆ ನಡೆಸುವವನನ್ನೂ, ದುಡ್ಡಿದ್ದರೆ ಅಡುಗೆಯವರನ್ನೂ ಕೊಡುತ್ತಾರೆ. ಒಂದೇ ಒಡಲಿನ ದೋಣಿ ಗಾಳಿಗೆ ವಾಲುತ್ತದೆ, ಎರಡು ಒಡಲಿನ ಕ್ಯಾಟಮರಾನ್ ನೆಟ್ಟಗೆ ನಿಲ್ಲುತ್ತದೆ. ಕ್ಯಾಟಮರಾನ್ ಎಂಬುದು ನಮ್ಮ ಪಕ್ಕದ ತಮಿಳಿನ ಕಟ್ಟುಮರವೇ, ಇಂಗ್ಲಿಷರ ಬಾಯಲ್ಲಿ ಹೊರಳಿದ್ದು. ಚಹಾ ಚೆಲ್ಲಬಾರದು ಅನ್ನುವವರು ಅದನ್ನು ಹಿಡಿಯಲಿ. ನನಗೆ ವಾಲುವುದೇ ಬೇಕು. ಗಾಳಿಯ ಭಾರ ಮೈಗೆ ತಿಳಿಯದಿದ್ದರೆ ಅಷ್ಟು ದೂರ ಹೋಗುವುದೇಕೆ?

ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಒಮ್ಮೆ ನನ್ನನ್ನು ಆ ವರ್ಜಿನ್ ದ್ವೀಪಗಳಿಗೆ ಕರೆದೊಯ್ದಿದ್ದ. ಆ ನೀರು ಹಾಯಿಗೆಂದೇ ಹೇಳಿ ಮಾಡಿಸಿದಂತಿದೆ, ಒಪ್ಪುತ್ತೇನೆ. ಚಳಿಗಾಲದುದ್ದಕ್ಕೂ ಈಶಾನ್ಯದ ವಾಣಿಜ್ಯ ಮಾರುತ ಬೀಸುತ್ತದೆ. ಒಂದು ದ್ವೀಪದಿಂದ ನೋಡಿದರೆ ಮುಂದಿನದು ಕಣ್ಣಿಗೆ ಬೀಳುತ್ತದೆ, ದಾರಿ ತಪ್ಪುವ ಭಯವಿಲ್ಲ. ಆದರೆ ನಮ್ಮ ಹುಡುಗ ಆರು ದಿನಕ್ಕೆ ಎಂಟು ದ್ವೀಪಗಳ ಪಟ್ಟಿ ತಂದಿದ್ದ. ಗಾಳಿ ಬಿದ್ದಾಗಲೆಲ್ಲ ಎಂಜಿನ್ ಹಾಕುತ್ತಿದ್ದ. ‘ಮಾಮಾ, ಸಂಜಿಕ ಅಲ್ಲಿ ಲಂಗರ ಹಾಕಬೇಕು’ ಅನ್ನುವವನು. ಹುಬ್ಬಳ್ಳಿಯಿಂದ ಹೊರಡುವ ಯಾತ್ರೆಯ ಬಸ್ಸಿನಲ್ಲಿ ಒಂದೇ ದಿನಕ್ಕೆ ಐದು ದೇವರು ಮುಗಿಸಿದಂತೆ ಮುಗಿಸಿದೆವು. ಯಾವ ದ್ವೀಪದಲ್ಲಿ ಏನು ಕಂಡೆ ಎಂದು ಈಗ ಕೇಳಿದರೆ ಒಂದರ ಮರಳು ಇನ್ನೊಂದರಲ್ಲಿ ಬೆರೆತುಹೋಗಿದೆ.

ಆ ಪ್ರವಾಸದಲ್ಲಿ ಮನಸ್ಸಿನಲ್ಲಿ ಉಳಿದದ್ದು ಗಾಳಿಗೆ ಎದುರಾಗಿ ಹೋದ ಒಂದು ಮಧ್ಯಾಹ್ನ. ಹಾಯಿದೋಣಿ ಗಾಳಿಯ ಬಾಯಿಗೆ ನೇರವಾಗಿ ಹೋಗಲಾರದು. ಹೆಚ್ಚುಕಡಿಮೆ 45 ಡಿಗ್ರಿ ಓರೆಯಾಗಿ ಸ್ವಲ್ಪ ದೂರ ಹೋಗಬೇಕು, ತಿರುಗಬೇಕು, ಮತ್ತೆ ಅತ್ತಲಿಂದ ಓರೆಯಾಗಿ ಬರಬೇಕು. ಸೋದರಳಿಯ ಅದನ್ನು ಬೀಜಗಣಿತದಂತೆ ವಿವರಿಸಿದ. ನಾನು ನೇಗಿಲು ಹೂಡಿದವನು. ಸಾಲು ಮುಗಿದು ಬದುವಿಗೆ ಬಂದಾಗ ಎತ್ತು ತಿರುಗಿಸುತ್ತೇವಲ್ಲ, ತಿರುಗುವ ಆ ಗಳಿಗೆಯಲ್ಲಿ ಹಗ್ಗ ಸಡಿಲ ಬಿಡಬೇಕೋ ಬಿಗಿ ಹಿಡಿಯಬೇಕೋ ಎಂಬುದರಲ್ಲೇ ಎಲ್ಲ ಇದೆ. ತಲೆಯ ಮೇಲೆ ಹಾಯಿಯ ಅಡ್ಡಗಳ ಗಿರ್ರನೆ ಸರಿಯುವಾಗ ಬಗ್ಗಬೇಕು, ಎತ್ತಿನ ಹೊಲದಲ್ಲಿ ಇಲ್ಲದ್ದು ಅದೊಂದೇ.

ಈಗ ನಮ್ಮ ಕಡಲಿಗೆ ಬರೋಣ. ಕಾರವಾರ ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ ಘಟ್ಟ, ಅಂಕೋಲೆಯ ಮೇಲೆ ನಾಲ್ಕು ತಾಸಿನ ದಾರಿ. ವಾರಕ್ಕೆ ಹಾಯಿದೋಣಿ ಬಾಡಿಗೆ ಕೊಡುವ ಅಂಗಡಿಯನ್ನು ಅಲ್ಲಿ ನಾನು ಕಂಡಿಲ್ಲ. ಗೋವೆಗೆ ಹೋದರೆ ವಿಹಾರ ನೌಕೆ ಸಿಗುತ್ತದೆ, ತಾಸಿನ ಲೆಕ್ಕದಲ್ಲಿ, ಹಾಡು ಕುಣಿತದ ಜೊತೆ. ಅದು ನನ್ನ ಅಂಕಣದ ವಿಷಯವಲ್ಲ. ಆದರೆ ಕಾರವಾರದ ಕೊಲ್ಲಿಯಲ್ಲಿ ದ್ವೀಪಗಳಿವೆ, ಗಾಳಿಯಿದೆ, ಹಾಯಿ ಕಟ್ಟಿ ಬೆಳೆದ ಕೊನೆಯ ತಲೆಮಾರಿನವರು ಇನ್ನೂ ಇದ್ದಾರೆ. ಠಾಗೋರರು ಇಪ್ಪತ್ತರ ಆಸುಪಾಸಿನ ಹರೆಯದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದವರು ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿ ವಿಹಾರ ಮಾಡಿದ್ದನ್ನು ಮುದಿ ವಯಸ್ಸಿನ ತನಕ ಮರೆಯಲಿಲ್ಲ. ಅವರು ಎಷ್ಟು ದ್ವೀಪ ಮುಟ್ಟಿದರೆಂದು ಯಾರೂ ಲೆಕ್ಕ ಇಟ್ಟಿಲ್ಲ.

ಗಾಳಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನವೆಂಬರಿನಿಂದ ಫೆಬ್ರವರಿ ತನಕ ನಮ್ಮ ಕರಾವಳಿಯಲ್ಲಿ ಗಾಳಿ ದಿನಕ್ಕೆರಡು ಪಾಳಿ ದುಡಿಯುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ಬೆಚ್ಚಗೇ ಇರುತ್ತದೆ. ನಸುಕಿನಲ್ಲಿ ನೆಲದ ಕಡೆಯಿಂದ ಮೂಡಗಾಳಿ ಮೆಲ್ಲಗೆ ಹೊರಡುತ್ತದೆ. ದೋಣಿ ಹೊರಗೆ ಹೋಗುವುದು ಆಗ. ಬಿಸಿಲೇರಿ ನೆಲ ಕಾದಂತೆ ಆ ಗಾಳಿ ಸಾಯುತ್ತದೆ. ಸ್ವಲ್ಪ ಹೊತ್ತು ಏನೂ ಇಲ್ಲ, ನೀರು ಎಣ್ಣೆ ಸುರಿದಂತೆ. ಮಧ್ಯಾಹ್ನ ಪಡುವಣದಿಂದ ಕಡಲಗಾಳಿ ಏಳುತ್ತದೆ, ದೋಣಿಯನ್ನು ಮನೆಗೆ ತರುತ್ತದೆ. ಪತ್ತೆಮಾರಿಗಳು ದಂಡೆ ಹಿಡಿದು ಸಾಗಿದ್ದು ಈ ಎರಡು ಪಾಳಿಯನ್ನೇ ನಂಬಿ. ಇವೆರಡರ ನಡುವಿನ ಆ ಸತ್ತ ಹೊತ್ತಿನಲ್ಲಿ ಅವಸರದವರು ಎಂಜಿನ್ ಹಾಕುತ್ತಾರೆ. ಕಾರವಾರದಲ್ಲಿ ನನ್ನನ್ನು ಕರೆದೊಯ್ದ ಆ ಮುದಿ ತಂಡೇಲರ ದೋಣಿಗೂ ಎಂಜಿನ್ ಇತ್ತು. ಹಾಕಬೇಡಿ ಎಂದು ಮೊದಲೇ ಕೇಳಿಕೊಂಡಿದ್ದೆ. ಅವರು ಚುಕ್ಕಾಣಿ ಬಿಟ್ಟು ಬೀಡಿ ಹಚ್ಚಿದರು. ‘ಗಾಳಿ ಬಂದ್ರೆ ಹೋಗುವ. ಬರ್ಲಿಲ್ಲಾ ಅಂದ್ರೆ ಊಟ ಮಾಡುವ.’ ಎರಡು ತಾಸು ಹಾಗೇ ತೇಲಿದೆವು. ದೋಣಿಯ ಬದಿಗೆ ನೀರು ನೆಕ್ಕುವ ಸದ್ದು ಬಿಟ್ಟರೆ ಏನಿಲ್ಲ. ನನ್ನ ಮಟ್ಟಿಗೆ ಇಡೀ ಪ್ರವಾಸದ ಬೆಲೆ ಆ ಎರಡು ತಾಸಿಗೆ ಸಂದಾಯ. ಆಮೇಲೆ ಹಾಯಿಯ ಅಂಚು ಒಮ್ಮೆ ಪಟಪಟ ಅಂದಿತು. ಇಬ್ಬರೂ ಮಾತಿಲ್ಲದೆ ಎದ್ದೆವು.

ದ್ವೀಪಗಳ ಮಾತು ಚುಟುಕಾಗಿ. ಹೊರಗಿನ ದೇವಗಡದ ಮೇಲೆ 1864ರ ದೀಪಸ್ತಂಭವಿದೆ. ಅಂಜುದೀವ ಆಡಳಿತಕ್ಕೆ ಗೋವೆಯದು, ಈಗ ನೌಕಾಪಡೆಯ ಕೈಯಲ್ಲಿದೆ, ದೂರದಿಂದ ನೋಡಬೇಕಷ್ಟೆ. 1498ರಲ್ಲಿ ವಾಸ್ಕೋ ಡ ಗಾಮ ಊರಿಗೆ ಮರಳುವ ಮುನ್ನ ಹಡಗು ರಿಪೇರಿಗೆ ನಿಂತದ್ದು ಅಲ್ಲಿ. ಮುಂಬಯಿಯನ್ನು ವಶಕ್ಕೆ ಪಡೆಯಲು 1662ರಲ್ಲಿ ಬಂದ ಇಂಗ್ಲಿಷ್ ಸೈನಿಕರು ಪೋರ್ಚುಗೀಸರು ಬಿಟ್ಟುಕೊಡುವ ತನಕ ಕಾದು ಕಾದು ನೂರುಗಟ್ಟಲೆ ರೋಗದಿಂದ ಸತ್ತದ್ದೂ ಅಲ್ಲೇ. ಆಮೆಯ ಬೆನ್ನಿನಂತಿರುವ ಕೂರ್ಮಗಡದಲ್ಲಿ ನರಸಿಂಹನ ಗುಡಿಯಿದೆ, ಜನವರಿಯ ಹೊತ್ತಿಗೆ ಪುಷ್ಯ ಹುಣ್ಣಿಮೆಗೆ ಜಾತ್ರೆ. 2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುತ್ತಿದ್ದ, ಜನ ತುಂಬಿದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ನಮ್ಮ ಪಕ್ಕದ ಹಾವೇರಿ ಜಿಲ್ಲೆಯವರೂ ಅದರಲ್ಲಿದ್ದರು. ಬಯಲುಸೀಮೆಯವರಿಗೆ ಈಜು ಬಾರದು, ದೋಣಿಯಲ್ಲಿ ಎದ್ದು ಓಡಾಡಬಾರದೆಂಬುದೂ ಗೊತ್ತಿರುವುದಿಲ್ಲ. ಜನರನ್ನು ಕೂರಿಸಲು ಪರವಾನಗಿ ಇರುವ ದೋಣಿ, ಮೈಗೆ ಸರಿಹೊಂದುವ ಲೈಫ್ ಜಾಕೆಟ್, ತಲೆ ಎಣಿಕೆ, ಈ ಮೂರರಲ್ಲಿ ಒಂದು ಕಡಿಮೆಯಿದ್ದರೂ ನಾನು ದಂಡೆ ಬಿಟ್ಟು ಕದಲುವುದಿಲ್ಲ. ಅಷ್ಟರಲ್ಲಿ ಮಾತ್ರ ನಾನು ಸೋಮಾರಿಯಲ್ಲ.

ಹಾಯಿಯ ಕಾಲ ಮುಗಿಯಿತು ಅನ್ನುವವರಿಗೆ ಇನ್ನೊಂದು ಮಾತು. ಮೊಳೆಯಿಲ್ಲದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಐಎನ್‌ಎಸ್‌ವಿ ಕೌಂಡಿನ್ಯ ಎಂಬ ಹಾಯಿಹಡಗು ನೌಕಾಪಡೆಗೆ ಸೇರಿದ್ದು ಇದೇ ಕಾರವಾರದಲ್ಲಿ, 2025ರ ಮೇ ತಿಂಗಳಲ್ಲಿ. ಅದಕ್ಕೂ ಮುಂಚೆ, ಗೋವೆಯ ದಿವಾಡಿಯಲ್ಲಿ ಕಟ್ಟಿದ 56 ಅಡಿಯ ಒಂದು ಹಾಯಿದೋಣಿಯಲ್ಲಿ ದಿಲೀಪ್ ದೊಂದೆ 2009-10ರಲ್ಲಿ ಒಬ್ಬರೇ ಭೂಮಿ ಸುತ್ತಿದರು, 2012-13ರಲ್ಲಿ ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ ಸುತ್ತಿದರು. ಆ ದೋಣಿಯ ಹೆಸರು ಮ್ಹಾದೇಯಿ. ಹೌದು, ನಮ್ಮ ಮಹದಾಯಿಯೇ. ನವಲಗುಂದದ ರೈತರು ಯಾವ ನೀರಿಗಾಗಿ ವರ್ಷಗಟ್ಟಲೆ ಪೆಂಡಾಲಿನಲ್ಲಿ ಕೂತರೋ ಆ ನದಿಯ ಹೆಸರು ಹೊತ್ತ ದೋಣಿ ಪ್ರಪಂಚವನ್ನೇ ಸುತ್ತಿ ಬಂತು, ಮಲಪ್ರಭೆಯ ತನಕ ಮಾತ್ರ ನೀರು ಬರಲಿಲ್ಲ. ಚಹಾದಂಗಡಿಯಲ್ಲಿ ಇದನ್ನು ಹೇಳಿದಾಗ ಯಾರೂ ನಗಲಿಲ್ಲ.

ನೀರಿನ ಮಾತು ಬಂದದ್ದರಿಂದ ಹೇಳುತ್ತೇನೆ, ಹಾಯಿದೋಣಿಯ ಬದುಕಿಗೆ ನಮ್ಮ ಮನೆಯ ಹೆಣ್ಣುಮಕ್ಕಳಿಗಿಂತ ತಯಾರಾದವರು ಇಲ್ಲ. ಸುತ್ತ ಕಡಲಿದ್ದರೂ ಸಿಹಿನೀರು ಟಾಕಿಯಲ್ಲಿ ಇದ್ದಷ್ಟೇ. ಟೊರ್ಟೋಲಾದಲ್ಲಿ ಸೋದರಳಿಯನ ಮನೆಯವರು ಷವರ್ ಬಿಟ್ಟು ಮೂರನೆಯ ದಿನಕ್ಕೆ ಟಾಕಿ ಖಾಲಿ ಮಾಡಿದರು. ಕುಬಿಹಾಳದ ಗೃಹಿಣಿ ಅಕ್ಕಿ ತೊಳೆದ ನೀರನ್ನು ಎಮ್ಮೆಗೆ ಎತ್ತಿಟ್ಟು, ಅರ್ಧ ಕೊಡದಲ್ಲಿ ಜಳಕ ಮುಗಿಸಿದವಳು. ಇನ್ನು ಊಟ. ಹಳೆಯ ಹಡಗುಗಳಲ್ಲಿ ಯುರೋಪಿನವರು ಕಲ್ಲಿನಂಥ ಬಿಸ್ಕತ್ತು ಒಯ್ಯುತ್ತಿದ್ದರಂತೆ, ಹುಳ ಜಾಡಿಸಿ ತಿನ್ನುತ್ತಿದ್ದರಂತೆ. ನಮ್ಮ ಖಡಕ್ ರೊಟ್ಟಿಯ ಮುಂದೆ ಅದೇನು? ತಿಂಗಳಿಟ್ಟರೂ ಕೆಡದು, ಬೆಂಕಿ ಬೇಡ, ಕೈಯಲ್ಲಿ ಮುರಿದರೆ ಸಾಕು. ಜೊತೆಗೆ ಗುರೆಳ್ಳ ಹಿಂಡಿ, ಶೇಂಗಾ ಹಿಂಡಿ, ಒಂದು ಭರಣಿ ರಂಜಕ. ತಂಡೇಲ ಅಲ್ಲೇ ಹಿಡಿದ ಮೀನು ಸುಟ್ಟು ಕೊಟ್ಟರು, ನಾನು ತಿನ್ನುವವನಲ್ಲ. ಅವರು ಆ ಮೀನಿಗೆ ನನ್ನ ರಂಜಕ ಹಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಮತ್ತಷ್ಟು ಕೇಳಿದರು.

ಮುಂದಿನ ತಿಂಗಳು ಮತ್ತೆ ಹೊರಟಿದ್ದೇನೆ, ಆರು ದಿನ, ಒಂದೇ ಕೊಲ್ಲಿ. ನಿನ್ನೆ ಮನೆಯಾಕೆ ರೊಟ್ಟಿಯ ಲೆಕ್ಕ ಕೇಳಿದಳು. ಅರವತ್ತು ಬಡಿ ಅಂದೆ.

‘ಒಬ್ಬರಿಗೆ ಆರು ದಿನಕ್ಕ ಅರವತ್ತೇನ್ರಿ?’

‘ಗಾಳಿ ಬರದಿದ್ದರ?’

ನಕ್ಕು, ಎಂಬತ್ತು ಬಡಿಯುತ್ತೇನೆ ಅಂದಳು. ರಂಜಕದ ಭರಣಿ ಎರಡು ಒಯ್ಯಿರಿ, ಒಂದು ಆ ಮುದುಕಗ, ಎಂದಳು.