ರವಿಕೀರ್ತಿಯ ಜಯಪತ್ರ

ಐಹೊಳೆಯ ಮೇಗುಟಿ ಬಸದಿಯ ಶಾಸನವನ್ನು ಜೈನರಾದ ನಾವು ಅಭಿಮಾನದಿಂದ ನೆನೆಯುತ್ತೇವೆ. ಕ್ರಿ.ಶ. 634ರಲ್ಲಿ ಆ ಜಿನಾಲಯವನ್ನು ಕಟ್ಟಿಸಿದ ರವಿಕೀರ್ತಿಯೇ ಅದರ ಕವಿ. ಕಾಳಿದಾಸ, ಭಾರವಿಯರ ಕೀರ್ತಿಯನ್ನು ತಾನು ಪಡೆದಿರುವೆನೆಂದು ಹೇಳಿಕೊಂಡವನು. ಇಮ್ಮಡಿ ಪುಲಕೇಶಿಯು ಹರ್ಷವರ್ಧನನನ್ನು ಸೋಲಿಸಿದನೆಂಬ ಪಾಠಕ್ಕೆ ಮುಖ್ಯ ಆಧಾರ ಈ ಸಂಸ್ಕೃತ ಕಾವ್ಯವೇ. ಆದರೆ ಗೆಲುವನ್ನು ಈ ಕವಿ ಯಾವ ಅಳತೆಯಿಂದ ಅಳೆದನು?

ಅಳತೆ ಸರಳವಾದುದು. ಯಾರು ತಲೆಬಾಗಿದರು, ಯಾರು ಹಿಮ್ಮೆಟ್ಟಿದರು ಎಂಬುದಷ್ಟೇ. ಗಂಗರು, ಆಳುಪರು, ಕೊಂಕಣದ ಮೌರ್ಯರು, ಲಾಟ, ಮಾಳವ, ಗುರ್ಜರರು ಸಾಲಾಗಿ ಬರುತ್ತಾರೆ. ಆನೆಗಳು ಬಿದ್ದುದನ್ನು ಕಂಡ ಹರ್ಷನ ಹರ್ಷವೇ ಅಳಿಯಿತೆಂಬ ಶ್ಲೇಷೆ ನಿಜಕ್ಕೂ ಸೊಗಸಾಗಿದೆ. ಪಲ್ಲವನು ಕಾಂಚಿಯ ಕೋಟೆಯ ಮರೆಗೆ ಸರಿದನಂತೆ. ರಾಜಾಜಿನಗರದ ಅಂಗಡಿಯಲ್ಲಿ ನಾಲ್ಕು ದಶಕ ಲೆಕ್ಕ ಬರೆದ ನನಗೆ, ಜಮೆಯ ಬದಿಯೊಂದೇ ತುಂಬಿರುವ ಪುಸ್ತಕವನ್ನು ಕಂಡರೆ ರುಜು ಹಾಕಲು ಕೈ ತಡೆಯುತ್ತದೆ. ಎದುರು ಪಕ್ಷದ ಪುಸ್ತಕವನ್ನೂ ತರಿಸಿ ನೋಡಬೇಕು.

ಹರ್ಷನ ವಿಷಯದಲ್ಲಿ ಲೆಕ್ಕ ತಾಳೆಯಾಗುತ್ತದೆ. ಅವನಿಂದಲೇ ಸತ್ಕಾರ ಪಡೆದ ಚೀನೀ ಯಾತ್ರಿಕ ಹ್ಯೂಯೆನ್‌ ತ್ಸಾಂಗನು, ಹರ್ಷನು ಸ್ವತಃ ಸೈನ್ಯ ನಡೆಸಿದರೂ ಪುಲಕೇಶಿಯ ನಾಡು ಮಣಿಯಲಿಲ್ಲವೆಂದು ಬರೆದಿದ್ದಾನೆ. ಪಲ್ಲವರ ಪುಸ್ತಕದಲ್ಲಿ ಹಾಗಿಲ್ಲ. ಪರಿಯಲ, ಮಣಿಮಂಗಲ, ಶೂರಮಾರಗಳಲ್ಲಿ ಪುಲಕೇಶಿಯೇ ಬೆನ್ನು ತೋರಿದನೆಂದು ಅವರ ಕೂರಂ ತಾಮ್ರಪಟ ಹೇಳುತ್ತದೆ. ಶಾಸನ ಕೆತ್ತಿ ಎಂಟು ವರ್ಷ ಕಳೆಯುವಷ್ಟರಲ್ಲಿ, 642ರ ಸುಮಾರಿಗೆ, ವಾತಾಪಿಯೇ ನರಸಿಂಹವರ್ಮನ ವಶವಾಯಿತು. ಅವನ ಶಾಸನ ಬಾದಾಮಿಯ ಬಂಡೆಯ ಮೇಲೆ ಇಂದಿಗೂ ಇದೆ. ಮುಂದೆ ಒಂದನೆಯ ವಿಕ್ರಮಾದಿತ್ಯನು ರಾಜಧಾನಿಯನ್ನು ಮರಳಿ ಪಡೆದನು. ಇಮ್ಮಡಿ ವಿಕ್ರಮಾದಿತ್ಯನಂತೂ ಕಾಂಚಿಯನ್ನೇ ಹೊಕ್ಕು, ಅಲ್ಲಿಯ ರಾಜಸಿಂಹೇಶ್ವರದ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟು, ಅದನ್ನು ಕನ್ನಡದಲ್ಲಿ ಕೆತ್ತಿಸಿದನು. ಅವನ ಮಗನ ಕಾಲಕ್ಕೆ ರಾಷ್ಟ್ರಕೂಟರು ಬಂದು ಚಾಲುಕ್ಯರ ಆಳ್ವಿಕೆಯೇ ಮುಗಿಯಿತು. ಗೆದ್ದವರಾರು? ಯಾವ ವರ್ಷಕ್ಕೆ ಲೆಕ್ಕ ಮುಗಿಸುತ್ತೇವೋ ಅದರಂತೆ ಉತ್ತರ ಬೇರೆ. ರವಿಕೀರ್ತಿ ತನ್ನ ಒಡೆಯನಿಗೆ ಅನುಕೂಲವಾದ ವರ್ಷದಲ್ಲಿ ಮುಗಿಸಿದನು. ಆಶ್ರಿತ ಕವಿಯಿಂದ ಬೇರೇನನ್ನು ನಿರೀಕ್ಷಿಸೋಣ? ಅದಕ್ಕಾಗಿ ಅವನನ್ನು ದೂರಲಾರೆ.

ನನ್ನ ತಕರಾರು ಮತ್ತೊಂದು ಶ್ಲೋಕದ ಬಗ್ಗೆ. ಕುನಾಲ ಸರೋವರದ ಯುದ್ಧದಲ್ಲಿ ಗಾಯಗೊಂಡ ಮನುಷ್ಯರ ನೆತ್ತರಿನಿಂದ ಕೆಂಪಾದ ನೀರನ್ನು ಅವನು ಸಂಜೆಗೆಂಪಿನ ಆಕಾಶಕ್ಕೆ ಹೋಲಿಸುತ್ತಾನೆ. ಉಪಮೆ ನಿರ್ದುಷ್ಟವಾಗಿದೆ. ಅದೇ ನನ್ನನ್ನು ಕಾಡುವುದು. ಜಿನೇಂದ್ರನ ಸ್ತುತಿಯಿಂದ ತೊಡಗಿದ ಲೇಖನಿ ಆ ನೀರಿನ ಬಣ್ಣವನ್ನು ಕಂಡಿತು, ನೀರಿನಲ್ಲಿದ್ದವರನ್ನು ಕಾಣಲಿಲ್ಲ. ರಾಜಾಸ್ಥಾನದ ಕಾವ್ಯರೂಢಿ ಹಾಗಿತ್ತೆಂದು ವಿದ್ವಾಂಸರು ಸಮಾಧಾನ ಹೇಳಬಹುದು. ರೂಢಿಯನ್ನು ಮೀರುವ ಶಕ್ತಿ ಇದ್ದ ಕವಿಯೆಂಬ ಕಾರಣಕ್ಕೇ ನನಗೆ ಆ ಸಮಾಧಾನ ಸಾಲದು.

ನಮ್ಮ ಬಸದಿಗಳ ಟ್ರಸ್ಟುಗಳು ಮಕ್ಕಳನ್ನು ಯಾತ್ರೆಗೆ ಕರೆದೊಯ್ದಾಗ ಮೇಗುಟಿಯ ಗೋಡೆಯ ಮುಂದೆ ಹರ್ಷನ ಶ್ಲೋಕವನ್ನಷ್ಟೇ ವಿವರಿಸುವುದುಂಟು. ಮುಂದಿನ ಸಲ ಕುನಾಲದ ಶ್ಲೋಕದ ಅರ್ಥವನ್ನೂ ಹೇಳಿ, ಸ್ವಲ್ಪ ಹೊತ್ತು ಅಲ್ಲಿಯೇ ನಿಲ್ಲಿಸಲಿ.