ನೆನಪಿದೆಯೇ ಎಂದು ಕೇಳುವ ದನಿ

ಜಮೈಕಾದ ರೆಗೆ ತಂಡ ಬರ್ನಿಂಗ್ ಸ್ಪಿಯರ್‌ನ ‘ಮಾರ್ಕಸ್ ಗಾರ್ವೆ’ (1975) ಆಲ್ಬಮ್ ಕೇಳಲು ಕೂತಾಗಲೆಲ್ಲ ಮೊದಲ ಹಾಡು ದಾಟಿ ‘ಸ್ಲೇವರಿ ಡೇಸ್’ಗೇ ಹೋಗಿಬಿಡುತ್ತೇನೆ. ಗುಲಾಮಗಿರಿಯ ದಿನಗಳು ನೆನಪಿವೆಯೇ ಎಂದು ತಂಡದ ಮುಖ್ಯ ಗಾಯಕ ವಿನ್‌ಸ್ಟನ್ ರಾಡ್ನಿ ಮತ್ತೆ ಮತ್ತೆ ಕೇಳುತ್ತಾನೆ. ಕೂಗುವುದಿಲ್ಲ. ಜಗಲಿಯಲ್ಲಿ ಕೂತ ಹಿರಿಯ ಪಕ್ಕದವನನ್ನು ವಿಚಾರಿಸುವಷ್ಟೇ ದನಿ. ಅಂಚಿನಲ್ಲಿ ಮಾತ್ರ ಕೊಂಚ ಒರಟು. ಹಿಮ್ಮೇಳದ ರೂಪರ್ಟ್ ವಿಲಿಂಗ್‌ಟನ್, ಡೆಲ್ರಾಯ್ ಹೈಂಡ್ಸ್ ಸೊಲ್ಲಿಗೆ ಸೊಲ್ಲು ಕೂಡಿಸುತ್ತಾರೆ. ಜಮೈಕಾದ ಗುಲಾಮರಿಗೆ ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಅದನ್ನು ಕಣ್ಣಾರೆ ಕಂಡವರು ಹಾಡು ಬಂದಾಗ ಯಾರೂ ಉಳಿದಿರಲಿಲ್ಲ. ಆದರೂ ಆ ಪ್ರಶ್ನೆಗೆ ಕಿವಿಗೊಟ್ಟವರು ನಿನ್ನೆ ಮೊನ್ನೆಯದೆಂಬಂತೆ ತಲೆ ತಗ್ಗಿಸುತ್ತಾರೆ.

ರೆಗೆಯ ‘ಒನ್ ಡ್ರಾಪ್’ ತಾಳದಲ್ಲಿ ಮೊದಲ ಪೆಟ್ಟೇ ಖಾಲಿ. ಒತ್ತು ಬೀಳುವುದು ಮೂರನೆಯದರ ಮೇಲೆ. ಸಮ್‌ಗೆ ತಲೆದೂಗಿ (ನಮ್ಮ ತಾಳದ ಮೊದಲ ಪೆಟ್ಟಿಗೆ) ರೂಢಿಯಾದ ನನ್ನ ಕಿವಿ ಮೊದಮೊದಲು ಮೆಟ್ಟಿಲಿಲ್ಲದ ಕಡೆ ಕಾಲಿಟ್ಟಂತೆ ಮುಗ್ಗರಿಸುತ್ತಿತ್ತು. ಈಗ ಆ ಖಾಲಿಗೇ ಕಾಯುತ್ತೇನೆ. ಅದರೊಳಗೆ ಬಾಸ್ ಗಿಟಾರ್ ಹೆಜ್ಜೆ ಊರುತ್ತದೆ, ಟ್ರಂಪೆಟ್ಟು ಟ್ರಾಂಬೋನುಗಳು ಶೋಕವನ್ನೂ ಮೆರವಣಿಗೆಯನ್ನೂ ಒಂದೇ ಉಸಿರಿನಲ್ಲಿ ಊದುತ್ತವೆ.

ಆಲ್ಬಮ್ಮಿಗೆ ಹೆಸರು ಕೊಟ್ಟ ಕರಿಯರ ನಾಯಕ ಮಾರ್ಕಸ್ ಗಾರ್ವೆ ಹುಟ್ಟಿದ್ದು 1887ರಲ್ಲಿ, ಜಮೈಕಾದ ಸೇಂಟ್ ಆನ್ಸ್ ಬೇಯಲ್ಲಿ. ರಾಡ್ನಿಯದೂ ಅದೇ ಊರು. ಕರಿಯರದೇ ಹಡಗು ಕಂಪನಿ ಕಟ್ಟಹೊರಟ ಗಾರ್ವೆ ಅಮೆರಿಕದಲ್ಲಿ ಜೈಲು ಕಂಡು, 1940ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. 1964ರಲ್ಲಿ ಅಸ್ಥಿ ತವರಿಗೆ ಬಂತು, ರಾಷ್ಟ್ರವೀರನ ಪಟ್ಟವೂ ಸಿಕ್ಕಿತು. ಹಾಗಿದ್ದೂ ‘ಓಲ್ಡ್ ಮಾರ್ಕಸ್ ಗಾರ್ವೆ’ ಹಾಡಿನಲ್ಲಿ, ಅವನನ್ನು ಯಾರೂ ನೆನೆಯುವುದಿಲ್ಲ ಎಂಬ ಕೊರಗು. ಪ್ರತಿಮೆ ನಿಲ್ಲಿಸಿ ಮರೆತುಬಿಡುವ ವಿದ್ಯೆ ನಮಗೂ ಹೊಸದಲ್ಲ, ಬಿಡಿ.

ನಿರ್ಮಾಪಕ ಜ್ಯಾಕ್ ರೂಬಿ ಕಟ್ಟಿಕೊಟ್ಟ ನಾದವನ್ನು ಐಲೆಂಡ್ ರೆಕಾರ್ಡ್ ಕಂಪನಿ ಹೊರದೇಶದ ಕಿವಿಗಳಿಗೆಂದು ನಯಗೊಳಿಸಿತು, ಕೆಲವು ಹಾಡುಗಳ ವೇಗವನ್ನೂ ಹೆಚ್ಚಿಸಿತು. ಅದು ಬೇಕಿರಲಿಲ್ಲ. ಮರುವರ್ಷ ಬಂದ ‘ಗಾರ್ವೀಸ್ ಘೋಸ್ಟ್’ ನನಗೆ ಹೆಚ್ಚು ಹಿಡಿಸುತ್ತದೆ: ಇವೇ ಹಾಡುಗಳು, ದನಿ ಬಹುಪಾಲು ಅಳಿಸಿಹೋಗಿ, ಎಲ್ಲೋ ಒಂದು ತುಣುಕು ಬಾವಿಯೊಳಗಿಂದ ಕೇಳಿದಂತೆ.

ಮೂವತ್ತು ವರ್ಷಗಳ ನಂತರ, 2005ರಲ್ಲಿ, ಐರ್ಲೆಂಡಿನ ಶಿನೇಡ್ ಓಕಾನರ್ ಕಿಂಗ್‌ಸ್ಟನ್‌ಗೆ ಬಂದು ‘ಮಾರ್ಕಸ್ ಗಾರ್ವೆ’ ಹಾಡಿದಳು. ಬಾಸ್ ಹಿಡಿದು ಕೂತಿದ್ದವನು ರಾಬಿ ಶೇಕ್ಸ್‌ಪಿಯರ್. 1975ರ ಆಲ್ಬಮ್ಮಿಗೆ ಬಾಸ್ ನುಡಿಸಿದ್ದ ಇಬ್ಬರಲ್ಲಿ ಅವನೊಬ್ಬ.