ಗೊತ್ತಿಲ್ಲದೇ ಆಗಿದ್ದಾ?

ನಿಕೋಲಸ್ ಖಾರ್ಕೊಂಗೊರ್ ನಿರ್ದೇಶನದ ‘ಅಖುನಿ’ 2020ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸಿಗೆ ಬಂದಾಗ ಬಹಳ ಜನ ಹೆಸರನ್ನು ‘ಆಕ್ಸೋನ್’ ಅಂತಲೇ ಓದಿಕೊಂಡರು. ಇಂಗ್ಲಿಷ್ ಅಕ್ಷರಗಳಲ್ಲಿ ಇರೋದು ಹಾಗೇ. ಅದು ನಾಗಾಲ್ಯಾಂಡಿನ ಸುಮಿ ಜನರ ಪದ. ಸೋಯಾ ಕಾಳನ್ನು ಬೇಯಿಸಿ, ಬಾಳೆಲೆಯಲ್ಲಿ ಕಟ್ಟಿ, ಒಲೆಯ ಹತ್ತಿರ ಕೆಲವು ದಿನ ಇಟ್ಟು ಹುದುಗು ಬರಿಸಿದರೆ ಅಖುನಿ. ಹಂದಿಮಾಂಸದ ಜೊತೆ ಬೇಯಿಸುತ್ತಾರೆ. ವಾಸನೆ ಜೋರು. ಕಥೆ ಏನಪ್ಪಾ ಅಂದ್ರೆ, ದೆಹಲಿಯ ಹುಮಾಯೂನ್‌ಪುರದಲ್ಲಿ ಬಾಡಿಗೆಗಿರುವ ಈಶಾನ್ಯದ ಹುಡುಗ ಹುಡುಗಿಯರು ಗೆಳತಿಯ ಮದುವೆಗೆ ಈ ಅಡುಗೆ ಮಾಡಬೇಕು, ಆದರೆ ಅದು ಅಕ್ಕಪಕ್ಕದವರ ಮೂಗಿಗೆ ಬಡಿಯಬಾರದು. ಒಲೆ ಹಚ್ಚೋಕೆ ಜಾಗ ಹುಡುಕುತ್ತಾ ಸಿನಿಮಾ ನಡೆಯುತ್ತೆ.

ನಾನು ಇದನ್ನು ನೋಡಿದ್ದು ತಡವಾಗಿ, ಆಫೀಸಿನಲ್ಲಿ ‘ಅನ್‌ಕಾನ್ಶಸ್ ಬಯಾಸ್’ ಟ್ರೈನಿಂಗ್ ಮುಗಿಸಿದ ವಾರ. ನೀವೂ ಮುಗಿಸಿರ್ತೀರಿ. ನಲವತ್ತು ನಿಮಿಷದ ಸ್ಲೈಡು, ಹತ್ತು ಪ್ರಶ್ನೆ, ಎಂಟು ಸರಿಯಾದ್ರೆ ಸರ್ಟಿಫಿಕೇಟು. ಅದರ ತಿರುಳು ಇಷ್ಟು: ನಾವೆಲ್ಲ ಒಳ್ಳೆಯವರೇ, ಆದರೆ ಮಿದುಳು ನಮಗೇ ಗೊತ್ತಿಲ್ಲದ ಹಾಗೆ ಅಡ್ಡದಾರಿ ಹಿಡಿಯುತ್ತೆ, ಸ್ವಲ್ಪ ಎಚ್ಚರ ಇದ್ದರೆ ಸಾಕು. ಸಿನಿಮಾ ನೋಡಿದ ಮೇಲೆ ಆ ‘ಗೊತ್ತಿಲ್ಲದ ಹಾಗೆ’ ಅನ್ನೋ ಮಾತಿನ ಮೇಲೇ ನನಗೆ ಅನುಮಾನ ಬಂತು.

ಈ ಪದಗಳೆಲ್ಲ ಹುಟ್ಟಿದ್ದು ಅಮೆರಿಕದಲ್ಲಿ. ‘ಮೈಕ್ರೋಅಗ್ರೆಷನ್’ ಅಂತ 1970ರಲ್ಲಿ ಹೆಸರಿಟ್ಟವರು ಹಾರ್ವರ್ಡಿನ ಮನೋವೈದ್ಯ ಚೆಸ್ಟರ್ ಪಿಯರ್ಸ್. ಅವರೂ ಕಪ್ಪು ಜನಾಂಗದವರು. ಒಂದೊಂದಾಗಿ ನೋಡಿದರೆ ಏನೂ ಅಲ್ಲ ಅನ್ನಿಸುವ, ಒಟ್ಟುಗೂಡಿದಾಗ ಮನುಷ್ಯನನ್ನು ಸವೆಸಿಬಿಡುವ ದಿನನಿತ್ಯದ ಪೆಟ್ಟುಗಳಿಗೆ ಅವರು ಕೊಟ್ಟ ಹೆಸರು ಅದು. 2007ರಲ್ಲಿ ಡೆರಾಲ್ಡ್ ವಿಂಗ್ ಸೂ ಮತ್ತು ಸಂಗಡಿಗರು ಇದನ್ನು ಮೂರು ಬಗೆಯಾಗಿ ವಿಂಗಡಿಸಿದರು. ಅದರಲ್ಲಿ ಒಂದು ಬಗೆ ಬೇಕಂತಲೇ ಮಾಡುವಂಥದ್ದು. ನಮ್ಮ ಸ್ಲೈಡುಗಳಲ್ಲಿ ಆ ಬಗೆ ನಾಪತ್ತೆ. ಇನ್ನು ‘ಇಂಪ್ಲಿಸಿಟ್ ಬಯಾಸ್’ ಮನೆಮಾತಾಗಿದ್ದು 1998ರಲ್ಲಿ ಆಂಥೊನಿ ಗ್ರೀನ್‌ವಾಲ್ಡ್ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಪರೀಕ್ಷೆಯಿಂದ. ಮುಖಗಳನ್ನೂ ಒಳ್ಳೆಯ-ಕೆಟ್ಟ ಪದಗಳನ್ನೂ ಎರಡೇ ಕೀಲಿಗಳಲ್ಲಿ ಬೇಗಬೇಗ ವಿಂಗಡಿಸಬೇಕು, ಯಾವ ಜೋಡಿಗೆ ಎಷ್ಟು ಮಿಲಿಸೆಕೆಂಡು ತಡವಾಯಿತು ಅನ್ನೋದೇ ಅಳತೆ. ಅದನ್ನು ಸಾಮಾನ್ಯ ಜನರ ತನಕ ತಂದವರಲ್ಲಿ ಮುಖ್ಯರು ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ ಬೆಳೆದ ಮಹಜರೀನ್ ಬನಾಜಿ. ಒಬ್ಬರೇ ಎರಡು ಸಲ ತಗೊಂಡ್ರೆ ಅಂಕ ಬೇರೆ ಬೇರೆ ಬರುತ್ತೆ ಅನ್ನೋ ತಕರಾರು ಈ ಪರೀಕ್ಷೆಯ ಮೇಲೆ ಇದೆ. ನನ್ನ ತಕರಾರು ಪರೀಕ್ಷೆಯ ಮೇಲಲ್ಲ. ಕಾನೂನು ಒಡ್ಡೊಡ್ಡಾದ ತಾರತಮ್ಯವನ್ನು ಒಂದಿಷ್ಟಾದರೂ ಹಿಡಿದ ಮೇಲೂ ಉಳಿದದ್ದು ಎಲ್ಲಿ ಅಡಗಿದೆ ಅಂತ ಹುಡುಕಿದವರ ಪದ ಅದು. ಇನ್ನೂ ಏನೂ ಅಡಗಿಕೊಂಡೇ ಇರದ ಊರಿಗೆ ಅದೇ ಪದ ಬಂದಾಗ ಅದು ಜಾಮೀನು ಅರ್ಜಿಯ ಹಾಗೆ ಕೆಲಸ ಮಾಡುತ್ತೆ.

‘ಅಖುನಿ’ಯ ಮನೆ ಓನರಮ್ಮನನ್ನೇ ನೋಡಿ. ಡಾಲಿ ಅಹ್ಲುವಾಲಿಯಾ ಸೊಗಸಾಗಿ ಮಾಡಿದ್ದಾರೆ. ಈ ಅಜ್ಜಿಗೆ ತನ್ನ ಬಾಡಿಗೆದಾರರ ಅಡುಗೆ ಬೇಡ, ಬಾಡಿಗೆ ಬೇಕು. ಇದರಲ್ಲಿ ಸುಪ್ತವಾದದ್ದು ಏನಿದೆ? ಇದಕ್ಕಿಂತ ಚೆನ್ನಾಗಿ ದಾಖಲಾದದ್ದು ಸಿನಿಮಾದ ಹೊರಗಿದೆ. 2007ರಲ್ಲಿ ದೆಹಲಿ ಪೊಲೀಸರು ಈಶಾನ್ಯದ ವಿದ್ಯಾರ್ಥಿಗಳಿಗೆ ಅಂತ ಒಂದು ಸುರಕ್ಷತಾ ಕೈಪಿಡಿ ಅಚ್ಚು ಹಾಕಿಸಿದ್ದರು. ಬಿದಿರು ಕಳಲೆ, ಅಖುನಿ ಥರದ ವಾಸನೆಯ ಅಡುಗೆಗಳನ್ನು ನೆರೆಹೊರೆಯಲ್ಲಿ ಗಲಾಟೆ ಆಗದ ಹಾಗೆ ಮಾಡಿಕೊಳ್ಳಿ ಅನ್ನೋ ಸಲಹೆ ಅದರಲ್ಲಿತ್ತು. ಹುಡುಗಿಯರ ಬಟ್ಟೆಯ ಬಗ್ಗೆಯೂ ಸಲಹೆ ಇತ್ತು. ತಯಾರಿಸಿದ ಅಧಿಕಾರಿ ಸ್ವತಃ ಈಶಾನ್ಯದವರೇ. ದೆಹಲಿ ಹೇಗಿದೆ ಅಂತ ಅನುಭವದಿಂದ ಬಲ್ಲವರ ಕಾಳಜಿಯೇ ಅದಿರಬಹುದು. ಆದರೆ ಒಂದು ನಗರದ ಪೊಲೀಸರು ಅಡುಗೆ ಮಾಡುವವರಿಗೆ ಕೈಪಿಡಿ ಬರೆದರು, ಗಲಾಟೆ ಮಾಡುವವರಿಗೆ ಬರೆಯಲಿಲ್ಲ.

ಸಿನಿಮಾದ ನಿಜವಾದ ಶಕ್ತಿ ಇರೋದು ಲೆಕ್ಕಾಚಾರ ತೋರಿಸೋದರಲ್ಲಿ. ಮಹಡಿ ಮೇಲಿನವರು ಯಾವಾಗ ಹೊರಗೆ ಹೋಗ್ತಾರೆ, ಯಾರ ಹತ್ತಿರ ಒಪ್ಪಿಗೆ ಕೇಳಬಹುದು, ಯಾರಿಗೆ ಹೇಳಲೇಬಾರದು. ಒಂದು ಹಬ್ಬದಡುಗೆಗೆ ಕಳ್ಳತನಕ್ಕೆ ಬೇಕಾದಷ್ಟು ಪ್ಲಾನಿಂಗ್. ನಮ್ಮ ಟ್ರೈನಿಂಗ್ ಸ್ಲೈಡುಗಳು ಯಾವಾಗಲೂ ಮಾತಾಡಿದವನ ಮನಸ್ಸಿನೊಳಗೆ ಇಣುಕುತ್ತವೆ. ಕೇಳಿಸಿಕೊಂಡವರ ದಿನ ಹೇಗೆ ಖರ್ಚಾಯಿತು ಅನ್ನೋ ಲೆಕ್ಕ ಅಲ್ಲಿಲ್ಲ. ಪಿಯರ್ಸ್ ಕೇಳಿದ್ದು ಆ ಲೆಕ್ಕವನ್ನೇ.

ಚಾನ್ಬಿಯ ದೃಶ್ಯವನ್ನು ನಾನು ಎರಡು ಸಲ ನೋಡಿದೆ. ಬೀದಿಯಲ್ಲಿ ಒಬ್ಬ ಕೀಳಾಗಿ ಮಾತಾಡುತ್ತಾನೆ, ಇವಳು ತಿರುಗಿ ಕೇಳುತ್ತಾಳೆ, ಎಲ್ಲರೆದುರೇ ಕೆನ್ನೆಗೆ ಏಟು ಬೀಳುತ್ತೆ. ಜನ ನೋಡ್ತಾ ನಿಂತಿರ್ತಾರೆ. ಜೊತೆಗಿದ್ದ ಗೆಳೆಯ ಬೆಂದಾಂಗ್ ಕೂಡ ಏನೂ ಮಾಡೋದಿಲ್ಲ, ಯಾಕಂದ್ರೆ ಅವನು ಹಿಂದೊಮ್ಮೆ ಇದೇ ಊರಲ್ಲಿ ಗುಂಪಿನ ಕೈಲಿ ಹೊಡೆಸಿಕೊಂಡವನು. ಇಲ್ಲಿ ನೀಡೊ ತಾನಿಯಾಮ್ ನೆನಪಾಗದೆ ಇರೋದಿಲ್ಲ. ಅರುಣಾಚಲದ ಆ ಹುಡುಗನ ಕೂದಲಿನ ಬಣ್ಣವನ್ನು 2014ರ ಜನವರಿಯಲ್ಲಿ ಲಾಜಪತ್ ನಗರದ ಅಂಗಡಿಯೊಂದರಲ್ಲಿ ಆಡಿಕೊಂಡರು. ಮಾತಿಗೆ ಮಾತು ಬೆಳೆದು ಹೊಡೆದರು. ಮರುದಿನ ಅವನು ತೀರಿಕೊಂಡ. ಕೂದಲಿನ ಬಗ್ಗೆ ಒಂದು ಮಾತು, ಅದೇ ‘ಮೈಕ್ರೋ’. ಕೇಂದ್ರ ಸರ್ಕಾರ ಬೆಜಬರುವಾ ಸಮಿತಿ ನೇಮಿಸಿತು, ಅದು ಅದೇ ವರ್ಷ ವರದಿ ಕೊಟ್ಟು ಕಾನೂನಿಗೇ ತಿದ್ದುಪಡಿ ಬೇಕು ಅಂತ ಹೇಳಿತು.

‘ಅದೆಲ್ಲ ದೆಹಲಿ ಬಿಡಿ, ನಮ್ಮ ಬೆಂಗಳೂರು ಹಾಗಲ್ಲ’ ಅನ್ನೋದನ್ನ ನಾನು ಊಟದ ಟೇಬಲ್ಲಿನಲ್ಲಿ ಬಹಳ ಸಲ ಕೇಳಿದ್ದೀನಿ. 2012ರ ಆಗಸ್ಟ್‌ನಲ್ಲಿ ವದಂತಿಯ ಎಸ್ಸೆಮ್ಮೆಸ್ಸುಗಳಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಇದೇ ಬೆಂಗಳೂರಿನ ಸ್ಟೇಷನ್ನಿನಿಂದ ಗುವಾಹಟಿಗೆ ಹೊರಟರು, ಸ್ಪೆಷಲ್ ರೈಲು ಬಿಡಬೇಕಾಯಿತು. ವದಂತಿ ಎಲ್ಲಿಂದಲೋ ಬಂದದ್ದು ನಿಜ. ಆದರೆ ವರ್ಷಗಟ್ಟಲೆ ಇಲ್ಲಿ ಕೆಲಸ ಮಾಡಿದವರಿಗೆ ‘ಏನಾದ್ರೂ ಆದ್ರೆ ಪಕ್ಕದ ಮನೆಯವರು ಬರ್ತಾರೆ’ ಅನ್ನೋ ಧೈರ್ಯ ಯಾಕಿರಲಿಲ್ಲ? ಬಾಗಿಲಲ್ಲಿ ಮುಖ ಸಿಂಡರಿಸಿದ್ದು, ಆಟೋದಲ್ಲಿ ‘ಚಿಂಕಿ’ ಅಂದದ್ದು, ‘ನೀವು ಇಂಡಿಯಾನಾ?’ ಅಂತ ಕೇಳಿದ್ದು, ಇದೆಲ್ಲ ಆ ರೈಲು ಹತ್ತುವಾಗ ಒಟ್ಟಿಗೆ ಲೆಕ್ಕಕ್ಕೆ ಬಂದಿರಬೇಕು.

ವಾಸನೆಯ ವಿಷಯಕ್ಕೇ ಬಂದರೆ, ನಾವೇನು ಕಮ್ಮಿ? ಕೊಡಗಿನವರ ಬೈಂಬಳೆ, ಕರಾವಳಿಯ ಒಣಮೀನು, ಅಷ್ಟೇಕೆ, ಒಗ್ಗರಣೆಗೆ ಬಿದ್ದ ಇಂಗು. 2017ರಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ನೂರಾರು ಮನೆಗಳ ಮಾಲೀಕನೊಬ್ಬ ಭಾರತ-ಪಾಕಿಸ್ತಾನದವರಿಗೆ ಬಾಡಿಗೆಗೆ ಕೊಡಬೇಡಿ, ಕರಿ ವಾಸನೆ ಹೋಗೋದಿಲ್ಲ ಅಂತ ಏಜೆಂಟರಿಗೆ ಬರೆದ. ಅಲ್ಲಿನ ಸಮಾನತಾ ಆಯೋಗ ಕೋರ್ಟಿಗೆ ಹೋಯಿತು, ಕೋರ್ಟು ಇದು ಕಾನೂನುಬಾಹಿರ ಅಂದಿತು. ಆನ್‌ಸೈಟ್ ಹೋಗಿ ಬಂದವರಿಗೆ ಆ ಮಾಲೀಕ ರೇಸಿಸ್ಟ್ ಅಂತ ಒಂದು ಕ್ಷಣದಲ್ಲಿ ಗೊತ್ತಾಗುತ್ತೆ. ಅದೇ ಸಾಲನ್ನು ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ‘ಓನರ್ ಪ್ರಿಫರೆನ್ಸ್’ ಆಗುತ್ತೆ.

ಹಾಗಂತ ಸಿನಿಮಾ ಪೂರಾ ಗೆದ್ದಿದೆ ಅಂತಲ್ಲ. ಈಶಾನ್ಯದವರ ಮುಖಗಳೇ ತೆರೆ ಮೇಲೆ ಬರೋದಿಲ್ಲ ಅನ್ನೋ ಕೊರಗಿನಿಂದ ಹುಟ್ಟಿದ ಚಿತ್ರದಲ್ಲಿ ಮುಖ್ಯ ಪಾತ್ರ ಉಪಾಸನಾಗೆ ಬಂಗಾಳಿ ನಟಿ ಸಯಾನಿ ಗುಪ್ತಾ. ಈ ಆಕ್ಷೇಪ ಆಗಲೇ ಬಂದಿತ್ತು, ಸರಿಯಾಗೇ ಬಂದಿತ್ತು. ಲಿನ್ ಲೈಶ್ರಾಮ್, ಲನುಆಕುಮ್ ಆವೊ ಪಕ್ಕದಲ್ಲಿ ಅವರ ಶ್ರಮ ಎದ್ದು ಕಾಣುತ್ತೆ. ಆದರೆ ನೇಪಾಳಿ ಮೂಲದ ಉಪಾಸನಾ ‘ನಮ್ಮವಳೇ ಅಲ್ಲ’ ಅನ್ನೋ ಒಳಜಗಳವನ್ನು ಮುಚ್ಚಿಡದೆ ತೋರಿಸಿದ್ದು ಇಷ್ಟವಾಯಿತು. ಬೀದಿಯಲ್ಲಿ ಸುಮ್ಮನೆ ಕೂತು ಇವರನ್ನೇ ದಿಟ್ಟಿಸುವ ಪಾತ್ರ ಅಸ್ಸಾಮಿನ ಆದಿಲ್ ಹುಸೇನ್ ಅವರದ್ದು, ಇದು ನಿರ್ದೇಶಕರ ತಮಾಷೆಯೇ ಇರಬೇಕು.

ನನಗೆ ನಿಜಕ್ಕೂ ತೊಡಕಾದದ್ದು ಶಿವ್. ಓನರಮ್ಮನ ಮನೆಯ ಹುಡುಗ, ಒಳ್ಳೆಯವನು, ಅಡುಗೆಗೆ ಜಾಗ ಹುಡುಕೋಕೆ ತಾನೂ ಓಡಾಡ್ತಾನೆ. ಈಶಾನ್ಯದ ಗರ್ಲ್‌ಫ್ರೆಂಡ್ ಬೇಕು ಅನ್ನೋದು ಅವನ ಆಸೆ. ಯಾರು ಅಂತಿಲ್ಲ, ಈಶಾನ್ಯದವಳಾದ್ರೆ ಸರಿ. ಬೆಂದಾಂಗ್ ಒಂದು ಹಂತದಲ್ಲಿ ತಡೆಯಲಾಗದೆ ಅವನನ್ನು ‘ಇಂಡಿಯನ್’ ಅಂತಲೇ ಬೈಯುತ್ತಾನೆ. ಇಡೀ ಸಿನಿಮಾದಲ್ಲಿ ಅತ್ಯಂತ ನಿಜವಾದ ಕ್ಷಣ ಅದು. ಅಷ್ಟು ಹೊತ್ತು ನಗ್ತಾ ನೋಡ್ತಿದ್ದ ನಾವೂ ಆ ಬೈಗುಳದೊಳಗೆ ಸೇರಿಕೊಳ್ತೀವಿ. ಸಿನಿಮಾ ಆ ಉರಿಯಲ್ಲಿ ನಮ್ಮನ್ನು ಇನ್ನೊಂದಿಷ್ಟು ಹೊತ್ತು ಕೂರಿಸಬೇಕಿತ್ತು. ಬದಲಿಗೆ ಅದಕ್ಕೆ ಶಿವ್‌ನ ಮುಖ ಸಪ್ಪೆಯಾಗಿದ್ದೇ ದೊಡ್ಡ ಚಿಂತೆಯಾಗುತ್ತೆ. ಅವನನ್ನು ಸಮಾಧಾನ ಮಾಡುವ ಕೆಲಸ ಮತ್ತೆ ಬೆಂದಾಂಗ್‌ನ ಪಾಲಿಗೇ ಬರುತ್ತೆ.